ಹಿಂದೆ ಒಂದು ಮನೆ ಉಂಟು

ಭಾನುವಾರ ಬೈಕಂಪಾಡಿಯಲ್ಲಿ ಕ್ರೇನುಗಳಿಗೂ ರಜೆ.
ಅದಿರಿನ ಕೆಂಪು ಧೂಳು ಕೂತ ಖಾಲಿ ಯಾರ್ಡಿನಲ್ಲಿ
ನಾಲ್ಕು ಎಣ್ಣೆ ಡ್ರಮ್ಮು ನಿಲ್ಲಿಸಿ ಕಾಯುತ್ತೇನೆ,
ಪೋರ್ಟಿನ ಟ್ರೈಲರಿಗೆ ಇಪ್ಪತ್ತೊಂಬತ್ತು ವರ್ಷ ಕೊಟ್ಟವನು,
ದೂಮಪ್ಪ ಅಂತ. ಈಗ ಹೊಸಬರಿಗೆ ಎಳೆಯುವುದು ಕಲಿಸುತ್ತೇನೆ.

ಜೀಪಿನ ಹಿಂದೆ ಬಿಳಿ ಕ್ಯಾರವಾನು ಕಟ್ಟಿಕೊಂಡು ಬಂದರು
ಹಲ್ಲಿನ ಡಾಕ್ಟರು ಶರ್ಮಿಳಾ, ಗಂಡ ಹರಿಣಾಕ್ಷ,
ಮತ್ತು ಅತ್ತೆ ಗುಲಾಬಿಯಕ್ಕ.
ಒಳಗೆ ಮಂಚ, ಒಲೆ, ಕಿಟಕಿಗೆ ಹೂವಿನ ಪರದೆ.
ಗೋಕರ್ಣದ ತನಕ ನಾನು ಒಳಗೆ ಮಲಗಿಯೇ ಬರುವುದು,
ಅಂದರು ಗುಲಾಬಿಯಕ್ಕ.

ಅದು ಮಾತ್ರ ಆಗ್ಲಿಕ್ಕಿಲ್ಲ ಅಂದೆ.
ನಿಂತಾಗ ಮನೆ. ಓಡುವಾಗ ಅದು ಹೊರೆ.
ಹೊರೆಯೊಳಗೆ ಯಾರೂ ಮಲಗುವುದಿಲ್ಲ ಅಕ್ಕ.
ಅವರು ಮುಖ ಊದಿಸಿ ಡ್ರಮ್ಮಿನ ನೆರಳಲ್ಲಿ ಕೂತರು.

ಬಗ್ಗಿ ನೋಡಿ ಡಾಕ್ಟ್ರೇ, ಬಾಯಿ ನೋಡುವ ಹಾಗೆ.
ಗುಂಡನ್ನು ಕೊಂಡಿ ಸರಿಯಾಗಿ ಕಚ್ಚಿದೆಯಾ?
ಕಚ್ಚಿದ ಹಾಗೆ ಕಾಣುವುದು ಬೇರೆ, ಕಚ್ಚುವುದು ಬೇರೆ,
ನಿಮಗೆ ನಾನು ಹೇಳಬೇಕಾ?
ಜ್ಯಾಕಿನಲ್ಲಿ ಮೂತಿ ಒಮ್ಮೆ ಮೇಲೆತ್ತಿ:
ಜೀಪಿನ ಬೆನ್ನೂ ಒಟ್ಟಿಗೆ ಎದ್ದರೆ ಮಾತ್ರ ನಂಬಿ.
ಪಿನ್ನು ಹಾಕಿ. ಪಿನ್ನಿಗೆ ಕ್ಲಿಪ್ಪು.
ಸರಪಳಿ ಎರಡು, ಮೂತಿಯ ಅಡಿಯಲ್ಲಿ ಕತ್ತರಿ ಹಾಕಿ.
ಕೊಂಡಿ ಕಳಚಿದ ದಿನ ಆ ಕತ್ತರಿಯೇ ತೊಟ್ಟಿಲು,
ಮೂತಿಯನ್ನು ಡಾಮರಿಗೆ ಬಿಡುವುದಿಲ್ಲ.

ಹರಿಣಾಕ್ಷರು ಕ್ಯಾರವಾನಿನ ತುದಿಯಲ್ಲಿ ತುಂಬಿಸಿದ್ದರು
ಕುಚ್ಚಲಕ್ಕಿ ಇಪ್ಪತ್ತೈದು ಕೇಜಿ, ಗ್ಯಾಸು, ನೀರಿನ ಕ್ಯಾನು ಆರು.
ಇಳಿಸಿ ಮಾರಾಯ್ರೆ, ಭಾರ ಅಚ್ಚಿನ ಮುಂದಕ್ಕೆ ಬರಲಿ.
ಹಿಂದೆ ಭಾರವಾದರೆ ಬಾಲ ಬಡಿದುಕೊಳ್ಳುತ್ತದೆ
ಬಲೆಗೆ ಬಿದ್ದ ತೊರಕೆಯ ಹಾಗೆ.
ಕೂಳೂರು ಸಂಕದ ಮೇಲೆ ಕಡಲಗಾಳಿ ಹೊಡೆದು
ಟ್ಯಾಂಕರೊಂದು ಕಿವಿಯ ಪಕ್ಕದಲ್ಲೇ ಹೋಗುವಾಗ
ಬಾಲ ತೂಗತೊಡಗಿದರೆ
ಬ್ರೇಕು ಒತ್ತಿ ತುಳಿಯಬೇಡಿ. ಎಕ್ಸಿಲೇಟರಿನಿಂದ ಕಾಲು ತೆಗೆಯಿರಿ, ಅಷ್ಟೆ.
ಸ್ಟೇರಿಂಗು ನೆಟ್ಟಗೆ ಹಿಡಿದು ಕೂತಿರಿ, ಅದೇ ಸುಸ್ತಾಗಲಿ.

ಇದು ನಾನು ಓದಿ ಕಲಿತದ್ದಲ್ಲ.
ಎಂಬತ್ತೊಂಬತ್ತರಲ್ಲಿ, ದೀಪಾವಳಿ ಕಳೆದ ವಾರ,
ರಾತ್ರಿ ಅದೇ ಸಂಕ ಇಳಿಯುವಾಗ
ನನ್ನ ಲಾರಿ ಇದ್ದಕ್ಕಿದ್ದ ಹಾಗೆ ಹಗುರಾಯಿತು.
ಇಂಜಿನ್ನಿನ ನರಳು ನಿಂತಿತು.
ಇಳಿಜಾರಿನ ಪುಣ್ಯ ಅಂದುಕೊಂಡು
ಕಾಲು ಸಡಿಲಿಸಿ ಬೀಡಿ ಹಚ್ಚಿದೆ.
ಕನ್ನಡಿಯಲ್ಲಿ ನೋಡಿದರೆ
ಹಿಂದೆ ಇರಬೇಕಾದದ್ದು ಪಕ್ಕದಲ್ಲಿ ಬರುತ್ತಿತ್ತು.
ಅದರ ಮೇಲೆ ಟರ್ಪಾಲು ತಬ್ಬಿಕೊಂಡು ಕ್ಲೀನರು ಮೊಯ್ದಿನಬ್ಬ.
ಎರಡು ತಟ್ಟಿದರೆ ಹೋಗು, ಒಂದು ತಟ್ಟಿದರೆ ನಿಲ್ಲು,
ಅದು ನಮ್ಮ ಲೆಕ್ಕ.
ಅವನು ಒಂದೊಂದೇ ತಟ್ಟುತ್ತಿದ್ದ, ಒಂದು, ಮತ್ತೆ ಒಂದು,
ನಾನು ಕೇಳುತ್ತೇನೆ ಎಂಬ ನಂಬಿಕೆಯಲ್ಲಿ.
ಪಿನ್ನಿನ ಬದಲು ಅವತ್ತು ತಂತಿ ಸುತ್ತಿದ್ದು ನಾನು.

ಬದುಕಿದ. ಜೋಕಟ್ಟೆಯಲ್ಲಿ ಮೊಟ್ಟೆಯಂಗಡಿ ಉಂಟು.
ನನಗೆ ಮೊಟ್ಟೆ ಬೇಕಾದರೆ ಸುರತ್ಕಲ್ಲಿಗೆ ಹೋಗುತ್ತೇನೆ.

ಹೂಂ. ಈಗ ರಿವರ್ಸು.
ಕೈ ಸ್ಟೇರಿಂಗಿನ ಬುಡಕ್ಕೆ ಇಡಿ, ಗಡಿಯಾರದ ಆರರ ಜಾಗಕ್ಕೆ.
ಮನೆ ಯಾವ ಕಡೆ ಹೋಗಬೇಕೋ ಕೈ ಆ ಕಡೆ.
ಡಾಕ್ಟರು ಮೊದಲ ಡ್ರಮ್ಮು ಬೀಳಿಸಿದರು. ಎರಡನೆಯದನ್ನೂ.
ಮೂರನೆಯ ಸಲ ಜೀಪೂ ಮನೆಯೂ
ಮೊಣಕೈಯ ಹಾಗೆ ಮಡಚಿಕೊಂಡವು.
ಹರಿಣಾಕ್ಷರು ಫೋನಿನಲ್ಲಿ ಎಂತದೋ ಹುಡುಕತೊಡಗಿದರು.

ಆಗ ಎದ್ದರು ಗುಲಾಬಿಯಕ್ಕ.
ಸೆರಗು ಸೊಂಟಕ್ಕೆ ಸಿಕ್ಕಿಸಿ,
ಕನ್ನಡಿಗೆ ಕಾಣುವಲ್ಲಿ ಓರೆಯಾಗಿ ನಿಂತು,
ಬೀಡಿ ಬ್ರಾಂಚಿಗೆ ಇಪ್ಪತ್ತು ವರ್ಷ ಸಿಟಿ ಬಸ್ಸಲ್ಲಿ ಹೋದ ಗಂಟಲಲ್ಲಿ
ಬರ್ಲಿ... ಬರ್ಲಿ... ಬಲಕ್ಕೆ ಸ್ವಲ್ಪ... ಬರ್ಲಿ...

ನಾನು ಬೇರೆ ಕಡೆ ನೋಡಿದೆ.

ಹೋಲ್ಡೇನ್!
ತಗಡಿಗೆ ಅಂಗೈಯಲ್ಲಿ ಒಂದೇ ಒಂದು ಸಲ ತಟ್ಟಿದರು.
ಗಾಡಿ ನಿಂತಿತು.

ಚಕ್ರಕ್ಕೆ ಅಡ್ಡ ಕಲ್ಲು ಇಡಬೇಕೆಂದು ಹೇಳುವುದನ್ನು
ನಾನೇ ಮರೆತಿದ್ದೆ. ಅವರು ಆಗಲೇ ಹುಡುಕುತ್ತಿದ್ದರು.